ಏಕನಾಥಮ್ಮನ ಹೊಲಿಗೆ

ಏಕನಾಥಮ್ಮನ ಬೀಳ್ಕೊಡುಗೆಗೆ ಎರಡು ಪುಟ ಬರೆದುಕೊಡು ಎಂದು ಎಲ್ಲರೂ ನನ್ನನ್ನೇ ಹಿಡಿದುಕೊಂಡರು. ನೀನೇ ಅವಳ ವಾರಗಿತ್ತಿ, ನೀನೇ ಅವಳ ಅಂಗನವಾಡಿಯ ಸಹಾಯಕಿ, ಹತ್ತು ವರ್ಷ ಜೊತೆಗೆ ಕೆಲಸ ಮಾಡಿದವಳು, ನಿನಗಿಂತ ಚೆನ್ನಾಗಿ ಅವಳನ್ನು ಬಲ್ಲವರು ಯಾರು ಎಂದರು. ಬರೆದುಕೊಟ್ಟೆ. ಶ್ರಮಜೀವಿ, ಸರಳ ಸ್ವಭಾವ, ಮಕ್ಕಳ ಪಾಲಿನ ತಾಯಿ ಎಂದೆಲ್ಲ ಅದರಲ್ಲಿದೆ. ಸುಳ್ಳೇನಲ್ಲ. ಆದರೆ ಒಂದೊಂದು ಒಳ್ಳೆಯ ಮಾತು ಬರೆಯುವಾಗಲೂ ಹೊಟ್ಟೆಯೊಳಗೆ ಮೆಣಸಿನಕಾಯಿ ಹುರಿದಂತಾಗುತ್ತಿತ್ತು. ಅಲ್ಲಿ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಯಾವ ವೇದಿಕೆಯ ಮೇಲೂ ಓದುವುದಿಲ್ಲ.

ನಮ್ಮದು ಹಿರೇಗುಂಟನೂರಿನಲ್ಲಿ ಕಂಬಳಿ ನೇಯುವ ಮನೆ. ನಾನು ಚಂದ್ರಕ್ಕ, ಹಿರಿಯ ಸೊಸೆ. ಗಂಡಸರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಾರೆ, ಹೆಂಗಸರು ಉಣ್ಣೆ ನೂಲುತ್ತೇವೆ, ಹೊಲಿಯುತ್ತೇವೆ. ಮಗ್ಗದ ಅಗಲ ಕಡಿಮೆ. ಆದ್ದರಿಂದ ಒಂದು ಕಂಬಳಿಗೆ ಎರಡು ಉದ್ದನೆಯ ಪಟ್ಟಿ ನೇಯ್ದು, ನಡುವೆ ಹೊಲಿದು ಜೋಡಿಸಬೇಕು. ನಮ್ಮ ಮನೆಯಲ್ಲಿ ಆ ಹೊಲಿಗೆ ಒಬ್ಬರ ಕೆಲಸವಲ್ಲ. ಅಂಗಳದಲ್ಲಿ ಪಟ್ಟಿಗಳನ್ನು ಹಾಸಿ, ಆ ತುದಿಗೊಬ್ಬಳು ಈ ತುದಿಗೊಬ್ಬಳು ದಬ್ಬಳ ಹಿಡಿದು ಕೂತು, ಎದುರುಬದುರಾಗಿ ಹೊಲಿಯುತ್ತ ನಡುವಿಗೆ ಬರಬೇಕು. ಮೊದಲು ಬಂದವಳು ಕಾಯಬೇಕು. ತಡವಾಗಿ ಬಂದವಳು ಎರಡೂ ದಾರ ಸೇರಿಸಿ ಗಂಟು ಹಾಕಬೇಕು. ಕೊನೆಗೆ ಅವರವರ ತುದಿಯ ಮೂಲೆಗಳನ್ನು ನಾಲ್ಕು ಬೆರಳಿನಷ್ಟು ಒಳಕ್ಕೆ ಮಡಿಚಿ ಹೊಲಿದರೆ ಕಂಬಳಿ ಸಂತೆಗೆ ಸಿದ್ಧ. ನಾನು ಯಾವಾಗಲೂ ಮೂಡಣ ತುದಿ, ಏಕನಾಥಮ್ಮ ಪಡುವಣ ತುದಿ. ಎಷ್ಟು ಕಂಬಳಿ ರಾಶಿ ಹಾಕಿದರೂ ಯಾವ ತುದಿ ಯಾರದೆಂದು ನಮ್ಮತ್ತೆ ಓಬಕ್ಕ ಬೆರಳಾಡಿಸಿಯೇ ಹೇಳುತ್ತಿದ್ದರು. ನನ್ನದು ಒತ್ತು ಹೊಲಿಗೆ, ಸ್ವಲ್ಪ ಓರೆ. ಅವಳದು ಅಗಲ, ನೆಟ್ಟಗೆ.

ಏಕನಾಥಮ್ಮ ನನ್ನ ಮೈದುನ ಮಾರುತೇಶನ ಹೆಂಡತಿಯಾಗಿ ಹೊಸದುರ್ಗದ ಕಡೆಯಿಂದ, ಹಾಲುರಾಮೇಶ್ವರದ ಹತ್ತಿರದ ಹಳ್ಳಿಯಿಂದ ತೊಂಬತ್ಮೂರರಲ್ಲಿ ಬಂದಳು. ಕಪ್ಪಗೆ, ಸಣ್ಣಗೆ, ಮಾತು ಕಡಿಮೆ. ಬಂದ ತಿಂಗಳೊಪ್ಪತ್ತಿನಲ್ಲಿ ಅತ್ತೆ ನನ್ನನ್ನು ಕೂಗುವುದು ಕಡಿಮೆ ಮಾಡಿ ಅವಳನ್ನು ಕೂಗತೊಡಗಿದರು. ರೊಟ್ಟಿ ತಟ್ಟಿದರೆ ಅವಳದೇ ತೆಳ್ಳಗೆ, ನೂಲು ತೆಗೆದರೆ ಅವಳದೇ ಸಮ. ಇಷ್ಟಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಅವಳು ಜಗಳಕ್ಕೇ ಬರುತ್ತಿರಲಿಲ್ಲ ಎನ್ನುವುದು. ನಾನು ನಾಲ್ಕು ಮಾತು ಎತ್ತಿ ಆಡಿದರೆ ಹೌದಕ್ಕ ಎಂದು ಎದ್ದು ಹೋಗುವಳು. ಜಗಳವಾಡದ ವಾರಗಿತ್ತಿಗಿಂತ ದೊಡ್ಡ ಶಿಕ್ಷೆ ಹೆಂಗಸಿಗೆ ಬೇರೆ ಬೇಕೆ? ಆಡಿದ್ದೆಲ್ಲ ನನ್ನ ಮೈಮೇಲೇ ಉಳಿಯುತ್ತಿತ್ತು.

ತೊಂಬತ್ತಾರರ ಕೊನೆಗೆ ನಮ್ಮೂರಿಗೆ ಎರಡನೇ ಅಂಗನವಾಡಿ ಬರುತ್ತದೆ ಎಂಬ ಸುದ್ದಿ ಹುಟ್ಟಿತು. ಕಾರ್ಯಕರ್ತೆ ಇದೇ ಊರಿನವಳಾಗಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ನಾನು ತುರುವನೂರಿನ ಹೈಸ್ಕೂಲಿನಲ್ಲಿ ಓದಿದವಳು. ಎಲ್ಲ ವಿಷಯ ಪಾಸು, ಇಂಗ್ಲಿಷ್ ಒಂದರಲ್ಲಿ ಇಪ್ಪತ್ತೇಳು. ಏಕನಾಥಮ್ಮನೂ ಹಾಗೆಯೇ. ಇಂಗ್ಲಿಷ್ ಒಂದರಲ್ಲೇ ಬಿದ್ದವಳು, ಅವಳದು ಇಪ್ಪತ್ನಾಲ್ಕು. ಆ ಮೂರು ಅಂಕ ಹೆಚ್ಚಿಗೆ ಇದ್ದದ್ದೇ ಆ ಮನೆಯಲ್ಲಿ ನನಗೆ ಅವಳಿಗಿಂತ ಮೇಲಿದ್ದ ಒಂದೇ ಒಂದು ವಿಷಯ. ಅತ್ತೆ ತೀರ್ಮಾನ ಹೇಳಿದರು: ಇಬ್ಬರೂ ಏಪ್ರಿಲ್ ಪರೀಕ್ಷೆ ಕಟ್ಟಲಿ, ಪಾಸಾದವಳು ಅರ್ಜಿ ಹಾಕಲಿ.

ನನಗೆ ಆ ಕೆಲಸ ಎಷ್ಟು ಬೇಕಿತ್ತೆಂದು ಹೇಳಿದರೆ ನಗುತ್ತೀರಿ. ಉಣ್ಣೆಯ ಸಿಬುರು ಮೂಗಿಗೆ ಹೋಗಿ ಹೋಗಿ ವರ್ಷವಿಡೀ ನೆಗಡಿ. ಕಂಬಳಿಗೆ ಬಳಿಯುವ ಹುಣಸೆ ಬೀಜದ ಗಂಜಿಯ ವಾಸನೆ ತಲೆಗೂದಲಿನಿಂದ ಹೋಗುತ್ತಲೇ ಇರಲಿಲ್ಲ. ಇಸ್ತ್ರಿ ಮಾಡಿದ ಸೀರೆ ಉಟ್ಟು, ಬ್ಯಾಗು ಹಾಕಿಕೊಂಡು ಬೀದಿಯಲ್ಲಿ ಹೋಗುವಾಗ ಮಕ್ಕಳು ಟೀಚರ್ ಎಂದು ಕೂಗಬೇಕು, ಅಷ್ಟೆ. ಕನಸಿನಲ್ಲಿ ಕೂಡ ಕೂಗುತ್ತಿದ್ದವು. ಒಂದೇ ಕುರ್ಚಿ, ನಾವಿಬ್ಬರು.

ನಿವೃತ್ತರಾಗಿದ್ದ ಮುರುಗಪ್ಪ ಮೇಷ್ಟ್ರು ವಾರಕ್ಕೆ ಮೂರು ಮಧ್ಯಾಹ್ನ ತಮ್ಮ ಜಗುಲಿಯಲ್ಲಿ ನಮ್ಮಿಬ್ಬರಿಗೂ ಪಾಠ ಹೇಳಲು ಒಪ್ಪಿದರು. ಚಿತ್ರದುರ್ಗದಿಂದ ಒಂದು ಗೈಡು ತರಿಸಿದೆವು, ಇಬ್ಬರಿಗೂ ಸೇರಿ ಒಂದೇ. ಅದು ಅಡಿಗೆಮನೆಯ ಗೂಡಿನಲ್ಲಿ ಇರುತ್ತಿತ್ತು. ನಾಮಪದ, ಕಾಲ, ಪ್ರಬಂಧ ಎಲ್ಲ ಹೇಗೋ ದಾಟಿದೆವು. ಜನವರಿಯಲ್ಲಿ ಕಂಜಂಕ್ಷನ್ ಶುರುವಾಯಿತು. ಎರಡು ವಾಕ್ಯ ಕೊಟ್ಟು ಒಂದು ಮಾಡಿ ಎನ್ನುವ ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ಎಂಟು ಅಂಕ, ಇದನ್ನು ಬಿಟ್ಟರೆ ನೀವು ಪಾಸಾದ ಹಾಗೇ ಎಂದು ಮೇಷ್ಟ್ರು ಮೊದಲ ದಿನವೇ ಹೆದರಿಸಿದರು.

ನಮ್ಮ ಕಸುಬು ನೋಡಿಯೇ ಅವರು ಪಾಠ ಹೇಳಿದರು. ಎರಡು ವಾಕ್ಯ ಎಂದರೆ ಎರಡು ಪಟ್ಟಿ, ನಡುವಿನ ಪದ ಹೊಲಿಗೆ. ನಮ್ಮ ಮಾತಿನಲ್ಲಿ ಹೊಲಿಗೆ ಬಟ್ಟೆಯೊಳಗೇ ಅಡಗಿರುತ್ತದೆ ಎಂದರು. ಮಳೆ ಬಂದರೂ ಹೋದೆ ಎನ್ನುತ್ತೇವೆ, ಜೋಡಿಸುವ ಕೆಲಸವನ್ನೆಲ್ಲ ಬಂದರೂ ಎನ್ನುವುದರ ಬಾಲವೇ ಮಾಡಿಬಿಡುತ್ತದೆ. ಇಂಗ್ಲಿಷಿನಲ್ಲಿ ದಾರ ಹೊರಗೇ ಕಾಣುತ್ತದೆ, ದೋ ಎಂದು ಬೇರೆ ಪದವೇ ಬಂದು ಕೂರುತ್ತದೆ. ಆದ್ದರಿಂದ ಪದ ಹುಡುಕಬೇಡಿ, ಮೊದಲು ಈ ಎರಡು ಮಾತಿಗೆ ಏನು ಸಂಬಂಧ ಎಂದು ಯೋಚಿಸಿ, ಒಂದು ಇನ್ನೊಂದಕ್ಕೆ ಕಾರಣವೋ, ವಿರೋಧವೋ, ಷರತ್ತೋ, ಅದು ಗೊತ್ತಾದರೆ ದಾರ ತಾನಾಗಿ ಸಿಗುತ್ತದೆ ಎಂದರು.

ನಾನು ಯೋಚಿಸುವುದಕ್ಕೆ ಹೋಗಲಿಲ್ಲ. ಗೈಡಿನಲ್ಲಿದ್ದ ಮೂವತ್ತೆರಡು ಪದಗಳನ್ನು ಒಂದು ವಾರದಲ್ಲಿ ಬಾಯಿಪಾಠ ಮಾಡಿ ಮುಗಿಸಿದೆ. ಆ್ಯಂಡ್, ಬಟ್, ಆರ್, ಸೋ, ಬಿಕಾಸ್, ದೋ, ಅನ್‌ಲೆಸ್ ಎಂದು ಶುರು ಮಾಡಿದರೆ ಉಸಿರು ಬಿಡದೆ ಕೊನೆ ಮುಟ್ಟಿಸುತ್ತಿದ್ದೆ. ಏಕನಾಥಮ್ಮನಿಗೆ ಗೊತ್ತಿದ್ದದ್ದು ಆರೇಳು. ಆದರೆ ಕಂಬಳಿಯ ಆ ತುದಿಯಲ್ಲಿ ಕೂತು ಹೊಲಿಯುತ್ತ ಮನೆಯಲ್ಲಿ ನಡೆದದ್ದನ್ನೆಲ್ಲ ಜೋಡಿಸುತ್ತಿದ್ದಳು. ಅತ್ತೆ ಬೈದರು ಆದರೆ ಹೊಡೆಯಲಿಲ್ಲ, ಬಟ್. ಕರು ಬಿಚ್ಚಿಕೊಂಡಿತು ಆದ್ದರಿಂದ ಹಾಲಿಲ್ಲ, ಸೋ. ಹೀಗೆ ಗುನುಗುತ್ತ ಅವಳ ಕೈ ನಿಧಾನವಾಗುತ್ತಿತ್ತು, ನಾನು ಯಾವಾಗಲೂ ಮೊದಲೇ ನಡುವಿಗೆ ಬಂದು ಕಾಯುತ್ತಿದ್ದೆ. ಮೊದಲು ಬಂದದ್ದಕ್ಕೆ ನನಗೆ ಖುಷಿ. ಪೆದ್ದಿ ನಾನು.

ಫೆಬ್ರವರಿಯ ಒಂದು ದಿನ ಮೇಷ್ಟ್ರು ಸ್ಲೇಟಿನ ಮೇಲೆ ಎರಡು ವಾಕ್ಯ ಬರೆದರು. ಅವನು ಬಡವ. ಅವನು ಪ್ರಾಮಾಣಿಕ. ಇದನ್ನು ಜೋಡಿಸು ಎಂದು ನನಗೆ ಹೇಳಿದರು. ಯಾವುದನ್ನು ಹಾಕಲಿ ಸಾರ್, ನನಗೆ ಎಲ್ಲವೂ ಬರುತ್ತದೆ ಎಂದು ಮೂವತ್ತೆರಡನ್ನೂ ಒಪ್ಪಿಸಿಬಿಟ್ಟೆ. ಮೇಷ್ಟ್ರು ಪೂರ್ತಿ ಕೇಳಿಸಿಕೊಂಡು, "ಅಷ್ಟು ದಬ್ಬಳ ಇಟ್ಕಂಡು ಒಂದು ಹೊಲಿಗೆನೂ ಹಾಕ್ಲಿಲ್ಲಲ್ಲಮ್ಮ ಚಂದ್ರಕ್ಕ" ಎಂದರು. ಆಮೇಲೆ ಅವಳ ಕಡೆ ತಿರುಗಿದರು. ಗೈಡಿನಲ್ಲಿ ಇದಕ್ಕೆ ಬಟ್ ಎಂಬ ಉತ್ತರವಿತ್ತು, ಅವಳೂ ನೋಡಿದ್ದಳು. ಅವಳು ತಗ್ಗಿದ ದನಿಯಲ್ಲಿ ಹೇಳಿದಳು.

"ಬಟ್ ಹಾಕಿದ್ರೆ ಬಡವರೆಲ್ಲ ಕಳ್ಳರು, ಇವನೊಬ್ಬ ಅಲ್ಲ ಅಂದಂಗಾಗ್ತದೆ ಸಾರ್. ನಾನು ಆ್ಯಂಡ್ ಹಾಕ್ತೀನಿ."

ಮುರುಗಪ್ಪ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ನಲವತ್ತು ವರ್ಷ ಪಾಠ ಮಾಡಿದ್ದೇನೆ, ಈ ಮಾತು ಯಾರೂ ಹೇಳಿರಲಿಲ್ಲ ಎಂದರು. ನಾನು ಅಲ್ಲೇ ಕೂತು ಉರಿದುಹೋದೆ. ಅವಳು ಬಡವಿಯಾಗಿದ್ದಷ್ಟು ವರ್ಷ ನಾನೂ ಬಡವಿಯಾಗಿದ್ದೆ. ಅವಳು ತಿಂದ ಮುದ್ದೆಯನ್ನೇ ನಾನೂ ತಿಂದಿದ್ದೆ. ಆ ಮಾತು ನನಗೇಕೆ ಹೊಳೆಯಲಿಲ್ಲ? ಮರುದಿನದಿಂದ ಪಾಠಕ್ಕೆ ಹೋಗುವುದನ್ನೇ ಬಿಟ್ಟೆ. ಮೈ ಸರಿಯಿಲ್ಲ ಎಂದೆ.

ಸುದ್ದಿ ಮೇಷ್ಟ್ರಿಂದ ಮನೆಗೆ ಬಂತು. ಊಟಕ್ಕೆ ಕೂತಾಗ ನನ್ನ ಗಂಡ ಮೂರ್ತಪ್ಪ ನನ್ನ ಕೈಯಿಂದಲೇ ಸಾರು ಬಡಿಸಿಕೊಳ್ಳುತ್ತ, ತಮ್ಮನ ಹೆಂಡತಿ ಪಾಸಾಗುವುದರಲ್ಲಿ ಅನುಮಾನವಿಲ್ಲ, ಭಾರಿ ತಲೆ ಅವಳದು ಎಂದ. ಕಟ್ಟಿಕೊಂಡ ಗಂಡ. ಸೌಟನ್ನು ಅವನ ತಲೆಯ ಮೇಲೆ ಕುಕ್ಕಬೇಕು ಎನ್ನಿಸಿತು. ಅಂದಿನಿಂದ ಏಕನಾಥಮ್ಮನ ಜೊತೆ ಮಾತು ಬಿಟ್ಟೆ. ನಮ್ಮ ಕಡೆ ಮಾತು ಬಿಡುವುದೆಂದರೆ ಪೂರ್ತಿ ಬಿಡುವುದು. ಒಂದೇ ಒಲೆ, ಒಂದೇ ಅಂಗಳ, ಒಂದೇ ಕಂಬಳಿಯ ಎರಡು ತುದಿ. ಆದರೂ ಏನಾದರೂ ಹೇಳಬೇಕಾದರೆ ಅತ್ತೆಯ ಮೂಲಕವೇ. ಅವಳಿಗೆ ಹೇಳ್ರಿ ನೀರು ತರಾಕೆ ಎಂದು ನಾನು, ಅಕ್ಕನಿಗೆ ಹೇಳ್ರಿ ಬೇಳೆ ಬೆಂದೈತೆ ಎಂದು ಅವಳು. ನಡುವೆ ಅತ್ತೆ, ಸಾಕಾಗಿ ಹೋಗಿದ್ದರು.

ಮಾರ್ಚ್ ಮೊದಲ ವಾರ ಅದು ನಡೆಯಿತು. ಮಧ್ಯಾಹ್ನ ಏಕನಾಥಮ್ಮ ಮಗಳು ಮೇಘಶ್ರೀಗೆ ಲಸಿಕೆ ಹಾಕಿಸಲು ಆಸ್ಪತ್ರೆಗೆ ಹೋಗಿದ್ದಳು. ಗಂಡಸರು ಉಣ್ಣೆ ತರಲು ಹಿರಿಯೂರಿಗೆ ಹೋಗಿದ್ದರು. ಅತ್ತೆ ಜಗುಲಿಯಲ್ಲಿ ತೂಕಡಿಸುತ್ತಿದ್ದರು. ನಾನು ಗೂಡಿನಿಂದ ಗೈಡು ತೆಗೆದು ಕಂಜಂಕ್ಷನ್ ಪಾಠದ ಎರಡು ಹಾಳೆಗಳನ್ನು ಬುಡದವರೆಗೆ ಹರಿದುಕೊಂಡೆ. ಪದಗಳು ನನಗೆ ಬಾಯಿಗೆ ಬರುತ್ತಿದ್ದವು, ನನಗೆ ಹಾಳೆ ಬೇಡ, ಬೇಕಿರುವುದು ಅವಳಿಗೆ ಎಂಬುದು ನನ್ನ ಲೆಕ್ಕಾಚಾರ. ಒಲೆಗೆ ಹಾಕಲು ಹೋದೆ. ಕೈ ಬರಲಿಲ್ಲ. ಅಕ್ಷರವಿರುವ ಕಾಗದ ಕಾಲಿಗೆ ತಾಗಿದರೂ ಕಣ್ಣಿಗೆ ಒತ್ತಿಕೊಂಡು ಬೆಳೆದವಳು ನಾನು. ಕದಿಯಲು ಬಂತು, ಸುಡಲು ಬರಲಿಲ್ಲ.

ಅಂಗಳದಲ್ಲಿ ಹೊಸ ಕಂಬಳಿಯೊಂದು ಹಾಸಿಕೊಂಡೇ ಇತ್ತು. ನಡುವಿನ ಹೊಲಿಗೆ ಮುಗಿದಿತ್ತು, ನನ್ನ ಮೂಲೆಗಳೂ ಮುಗಿದಿದ್ದವು, ಏಕನಾಥಮ್ಮನ ಒಂದು ಮೂಲೆ ಮಾತ್ರ ಬಾಕಿ. ಹಾಳೆಗಳನ್ನು ಚಿಕ್ಕದಾಗಿ ಮಡಿಚಿ ಆ ಮೂಲೆಯ ಮಡಿಕೆಯೊಳಗೆ ಇಟ್ಟು ಹೊಲಿದುಬಿಟ್ಟೆ. ಗಂಜಿ ಕುಡಿದ ಹೊಸ ಕಂಬಳಿ ಹೇಗೂ ಹಲಗೆಯ ಹಾಗೆ ಬಿರುಸು, ಒಳಗೆ ಕಾಗದವಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ನಾಡಿದ್ದು ಸಂತೆ, ಯಾವನೋ ಕುರಿಯವನು ಹೊದ್ದುಕೊಂಡು ಹೋಗುತ್ತಾನೆ, ಮುಗಿಯಿತು.

ಸಂತೆಯ ದಿನ ಬೆಳಿಗ್ಗೆ ಅತ್ತೆ ರಾಶಿಯನ್ನೆಲ್ಲ ತಡವಿ ನೋಡಿ, ನನ್ನದು ಹಳೆಯದಾಯಿತು, ಈ ಸಲ ನನಗೊಂದು ಇರಲಿ ಎಂದು ಅದನ್ನೇ ಎಳೆದುಕೊಂಡರು. ಹದಿನಾಲ್ಕು ಕಂಬಳಿ ಇದ್ದವು ಅಲ್ಲಿ. ಅಂದಿನಿಂದ ಅತ್ತೆ ಅದರ ಮೇಲೆಯೇ ಕೂತರು, ಅದನ್ನೇ ಹೊದ್ದರು. ಸೋಮವಾರಕ್ಕೊಮ್ಮೆ ಅದನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುವುದು ಏಕನಾಥಮ್ಮನ ಕೆಲಸ. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಆ ಮೂಲೆಯನ್ನೇ ನೋಡುತ್ತಿದ್ದೆ.

ಗೈಡಿನಲ್ಲಿ ಹಾಳೆ ಇಲ್ಲದ್ದು ಅವಳಿಗೆ ಆ ಸಂಜೆಯೇ ಗೊತ್ತಾಗಿತ್ತು. ಇಲಿ ಕಡಿದಿರಬೇಕು ಎಂದು ಅತ್ತೆಗೆ ಹೇಳಿದಳು, ಅಷ್ಟೆ. ಬುಡ ನೆಟ್ಟಗೆ ಹರಿದಿತ್ತು, ಅಂಥ ಇಲಿ ಎಲ್ಲಿಯೂ ಇಲ್ಲ. ಮೇಷ್ಟ್ರ ಹತ್ತಿರ ಹೋಗಿ ಬರೆಸಿಕೊಂಡು ಬಂದಳು.

ಎರಡನೇ ಸೋಮವಾರ ಮಧ್ಯಾಹ್ನ ಅತ್ತೆ ನನ್ನನ್ನು ಕರೆದು, ಕಂಬಳಿಯ ಮೂಲೆ ನಿನ್ನ ಹೊಲಿಗೆಯಂತೆ, ಅದನ್ನು ಬಿಚ್ಚಿ ಸರಿಮಾಡಬೇಕಂತೆ, ಪರೀಕ್ಷೆಗೆ ಮುಂಚೆ ಮಾಡಬೇಕಂತೆ, ಅವಳು ಹೇಳಿ ಕಳಿಸಿದ್ದಾಳೆ ಎಂದರು. ಅವಳ ತುದಿಯಲ್ಲಿ ನನ್ನ ಓರೆ ಹೊಲಿಗೆ ಇರುವುದನ್ನು ಕಂಡುಹಿಡಿದಿದ್ದಾಳೆ. ನಾನು ಬಿಚ್ಚಲು ಕೂತರೆ ಸರಿಯಾಗಿ ಆಗಲೇ ನಾಲ್ಕು ಜನರನ್ನು ಕರೆದುಕೊಂಡು ಬಂದು ಕೈ ಹಿಡಿಯುತ್ತಾಳೆ, ಇದು ಬಲೆ ಎಂದುಕೊಂಡೆ. ಹೆದರಿಕೆಯಾದಾಗ ನನಗೆ ಬಾಯಿ ಜೋರು. "ನನ್ನ ಹೊಲಿಗೆಗೆ ಹೆಸರಿಡೋಕೆ ಬರ್ತಾಳಾ ಅವಳು? ನಾನು ಬಿಚ್ಚಲ್ಲ ಅಂತ ಹೇಳ್ರಿ" ಎಂದು ಬೀದಿಗೆ ಕೇಳುವಂತೆ ಕೂಗಿದೆ. ಅತ್ತೆಗೆ ರೋಸಿಹೋಯಿತು. ಮರುದಿನ ತಾವೇ ದಪ್ಪ ಹುರಿ ಪೋಣಿಸಿಕೊಂಡು ಆ ಮೂಲೆಯ ಮೇಲೆ ದಡಬಡನೆ ಒಂದು ಸುತ್ತು ಹೊಲಿದು ಹಾಕಿದರು. ನನಗೋ ಹೋದ ಜೀವ ಬಂದಂತಾಯಿತು. ಇನ್ನು ಅದನ್ನು ಯಾರೂ ಮುಟ್ಟುವುದಿಲ್ಲ.

ಚಿತ್ರದುರ್ಗದಲ್ಲಿ ಪರೀಕ್ಷೆ. ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಮಾತಿಲ್ಲದೆ ಹೋದೆವು. ಪ್ರಶ್ನೆಪತ್ರಿಕೆಯಲ್ಲಿ ಜೋಡಿಸುವ ವಾಕ್ಯಗಳು ಬಂದೇ ಬಂದಿದ್ದವು. ನನ್ನ ತಲೆಯಲ್ಲಿ ಮೂವತ್ತೆರಡು ಪದಗಳು ಸಾಲಾಗಿ ನಿಂತಿದ್ದವು, ಯಾವುದನ್ನು ಎಲ್ಲಿಗೆ ಕಳಿಸಬೇಕೆಂದು ಗೊತ್ತಾಗಲಿಲ್ಲ. ಇದು ಕಾರಣವೋ ವಿರೋಧವೋ ಎಂದು ಕೇಳಿಕೊಳ್ಳುವುದನ್ನು ನಾನು ಕಲಿತೇ ಇರಲಿಲ್ಲ. ಆ ಜಾಗ ಪೂರ್ತಿ ಖಾಲಿ ಬಿಟ್ಟೆ. ಮನೆಗೆ ಬಂದಾಗ ಅತ್ತೆ ಹೇಗಾಯಿತು ಎಂದು ಕೇಳಿದರು. ಏಕನಾಥಮ್ಮ ಅಲ್ಲೇ ನಿಂತಿದ್ದಳು. ಅವಳೆದುರು ಬರಲಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಆ ಜೋಡಿಸುವ ಪ್ರಶ್ನೆಯನ್ನು ನಾನು ಬೇಕೆಂದೇ ಮುಟ್ಟಲಿಲ್ಲ, ನನಗೆ ಅದರ ಅಗತ್ಯವೇ ಇಲ್ಲ ಎಂದು ಜಂಬ ಕೊಚ್ಚಿದೆ.

ಜೂನಿನಲ್ಲಿ ಫಲಿತಾಂಶ ಬಂತು. ಪಾಸಾಗಲು ಮೂವತ್ತೈದು ಬೇಕು. ನನಗೆ ಮೂವತ್ತೊಂದು, ಅವಳಿಗೆ ನಲವತ್ತೆಂಟು. ಅತ್ತೆ ಅವಳ ಬಾಯಿಗೆ ಸಕ್ಕರೆ ಹಾಕಿ, ಆಮೇಲೆ ಪಾಪವೆಂದು ನನ್ನ ಬಾಯಿಗೂ ಒಂದು ಚಿಟಿಕೆ ಹಾಕಿದರು. ಆ ಚಿಟಿಕೆ ಸಕ್ಕರೆಯನ್ನು ಈಗಲೂ ನಾನು ಕ್ಷಮಿಸಿಲ್ಲ.

ಅವಳಿಗೆ ಕೆಲಸವಾಯಿತು. ಅದೇ ವರ್ಷ ನಮ್ಮೂರಿಗೇ ಸೇರಿದ ಹಳ್ಳದಾಚೆಯ ಹಟ್ಟಿಗೂ ಒಂದು ಅಂಗನವಾಡಿ ಬಂತು. ಊರಲ್ಲಿ ಪಾಸಾದ ಸೊಸೆಯರು ಇನ್ನಾರೂ ಇರಲಿಲ್ಲ. ಅಷ್ಟರಲ್ಲಿ ತುರುವನೂರಿನಿಂದ ಹಟ್ಟಿಗೆ ಮದುವೆಯಾಗಿ ಬಂದ ಹುಡುಗಿಯೊಬ್ಬಳಿಗೆ ಅದು ಸಿಕ್ಕಿತು. ನಾನು ಓದಿದ ಹೈಸ್ಕೂಲಿನಲ್ಲೇ ಓದಿದವಳು, ನನಗಿಂತ ಎಂಟು ವರ್ಷ ಚಿಕ್ಕವಳು. ಮುಂದಿನ ವರ್ಷ ಏಕನಾಥಮ್ಮನ ಅಂಗನವಾಡಿಗೆ ಸಹಾಯಕಿ ಬೇಕಾದಳು, ಅದಕ್ಕೆ ನನ್ನ ಓದು ಸಾಕಿತ್ತು. ಹಾಗೆ ನಾನು ನನ್ನ ವಾರಗಿತ್ತಿಯ ಕೈಕೆಳಗೆ ಸೇರಿದೆ.

ಹತ್ತು ವರ್ಷ. ಬೆಳಿಗ್ಗೆ ನಾನು ಕಸ ಗುಡಿಸಿ, ಮಕ್ಕಳನ್ನು ಮನೆಮನೆಯಿಂದ ಕರೆತಂದು, ಒಲೆ ಹಚ್ಚುವಷ್ಟರಲ್ಲಿ ಅವಳು ಇಸ್ತ್ರಿ ಸೀರೆಯಲ್ಲಿ ಬರುವಳು. ಮಕ್ಕಳು ಟೀಚರ್ ಎಂದು ಕೂಗುತ್ತ ಓಡುವವು. ನನ್ನನ್ನು ಆಯಾ ಎನ್ನುವವು. ಮಾತು ಯಾವಾಗಲೋ ಮತ್ತೆ ಶುರುವಾಗಿತ್ತು, ಕೆಲಸದ ಜಾಗದಲ್ಲಿ ನಡುವೆ ನಿಲ್ಲಲು ಅತ್ತೆ ಇರಲಿಲ್ಲವಲ್ಲ. ಅವಳು ಒಮ್ಮೆಯೂ ನನ್ನ ಮೇಲೆ ಅಧಿಕಾರ ತೋರಿಸಲಿಲ್ಲ. ಅಕ್ಕ, ನೀನು ಕುಂತ್ಕೋ, ನಾನು ತೂಕ ಮಾಡ್ತೀನಿ ಎನ್ನುವಳು. ತೋರಿಸಿದ್ದರೆ ಬೈದು ಹಗುರವಾಗುತ್ತಿದ್ದೆ. ತೂಕ ಏರದ ಮಗುವಿನ ತಾಯಿಯನ್ನು ಅವಳು ಬೈಯುತ್ತಿರಲಿಲ್ಲ. ಮಗು ಉಂಡರೂ ತೂಕ ಏರಿಲ್ಲ ಎಂದು ಬರೆದು ಸುಮ್ಮನಾಗದೆ, ಯಾಕೆ ಎಂದು ಮನೆಯವರೆಗೆ ಹೋಗಿ ಹುಡುಕುವಳು. ಒಮ್ಮೆ ಹಾಗೆಯೇ ಹೋಗಿ, ಮಗುವಿನ ಪಾಲಿನ ಹಿಟ್ಟನ್ನು ಅಜ್ಜಿ ಹಸಿವಿಗೆ ತಿನ್ನುತ್ತಿದ್ದುದನ್ನು ಕಂಡು, ಯಾರಿಗೂ ಹೇಳದೆ ಅಜ್ಜಿಗೆ ತನ್ನ ಮನೆಯಿಂದ ರೊಟ್ಟಿ ಕಳಿಸತೊಡಗಿದಳು. ಒಯ್ದು ಕೊಡುತ್ತಿದ್ದವಳು ನಾನೇ. ಒಯ್ಯುವಾಗಲೂ ಇದು ನನಗೆ ಹೊಳೆಯಬೇಕಿತ್ತು ಎಂದು ಹಲ್ಲು ಕಡಿಯುತ್ತಿದ್ದೆ.

ಈ ವರ್ಷ, ಎರಡು ಸಾವಿರದ ಎಂಟರಲ್ಲಿ, ಅವಳಿಗೆ ಮೇಲ್ವಿಚಾರಕಿಯ ಬಡ್ತಿ ಬಂತು. ಹಿರಿಯೂರಿಗೆ ಹೋಗಬೇಕು. ಅಂಗನವಾಡಿಯ ಮುಂದೆಯೇ ಬೀಳ್ಕೊಡುಗೆ ಎಂದು ಊರವರು ನಿಶ್ಚಯಿಸಿದರು. ನಮ್ಮಲ್ಲಿ ಗೌರವದವರನ್ನು ಕೂರಿಸುವುದು ಕಂಬಳಿಯ ಮೇಲೆ. ಅತ್ತೆಗೆ ಈಗ ಕಣ್ಣು ಮಂಜು, ಬೆರಳು ಮಾತ್ರ ಹಾಗೆಯೇ ಇವೆ. ನನ್ನ ಕಂಬಳಿಯನ್ನೇ ಹಾಸ್ರಿ, ನಡು ಹೊಲಿಗೆ ಸಡಿಲಾಗಿದೆ, ಮೂಲೆ ಕಿತ್ತಿದೆ, ಇಬ್ಬರೂ ಕೂತು ಸರಿಮಾಡ್ರಿ ಎಂದರು.

ಏಕನಾಥಮ್ಮ ಕಾಗದಪತ್ರಕ್ಕೆಂದು ಚಿತ್ರದುರ್ಗದ ಕಚೇರಿಗೆ ಹೋಗಿದ್ದ ದಿನ ನಾನೊಬ್ಬಳೇ ಆ ಮೂಲೆ ಹಿಡಿದು ಕೂತೆ. ಹನ್ನೊಂದು ವರ್ಷದ ಕಳ್ಳತನವನ್ನು ಅವಳಿಲ್ಲದಾಗ ತೆಗೆದುಬಿಡುವುದೇ ಒಳ್ಳೆಯದು. ಮೊದಲು ಅತ್ತೆಯ ದಪ್ಪ ಹುರಿ ಬಿಚ್ಚಿದೆ. ಅದರ ಕೆಳಗೆ ನನ್ನ ಒತ್ತು ಹೊಲಿಗೆ, ಓರೆ ಹೊಲಿಗೆ ಇರಬೇಕಿತ್ತು. ಇರಲಿಲ್ಲ. ಅಲ್ಲಿದ್ದದ್ದು ಅಗಲ ಹೊಲಿಗೆ, ನೆಟ್ಟಗೆ. ಬಿಚ್ಚುವ ಮೊದಲೇ ನನಗೆ ಗೊತ್ತಾಗಿಹೋಯಿತು, ಅವಳು ಇದನ್ನು ತೆರೆದು ನೋಡಿ, ಮತ್ತೆ ಮುಚ್ಚಿದ್ದಾಳೆ.

ಹಾಳೆಗಳು ಹಾಗೆಯೇ ಇದ್ದವು, ಅಂಚು ಹಳದಿಯಾಗಿತ್ತು. ಒಂದೊಂದು ಪದದ ಮಗ್ಗುಲಲ್ಲಿ ಪೆನ್ಸಿಲಿನಲ್ಲಿ ಅವಳ ದುಂಡು ಅಕ್ಷರ. ಬಿಕಾಸ್ ಎನ್ನುವುದರ ಎದುರು, ಅಕ್ಕ ಮಾತಾಡಲ್ಲ ಯಾಕಂದ್ರೆ ಸಿಟ್ಟು ಬಂದೈತೆ ಎಂದಿತ್ತು. ದೋ ಎದುರು, ಅಕ್ಕಂಗೆ ನನ್ನ ಮೇಲೆ ಸಿಟ್ಟಿದ್ರೂ ಮೇಘಶ್ರೀಗೆ ಮೊದಲು ಉಣ್ಣಾಕಿಕ್ತಾಳೆ. ಅನ್‌ಲೆಸ್ ಎದುರು, ಅಕ್ಕ ಈ ಹೊಲಿಗೆ ಬಿಚ್ಚದ ಹೊರತು ಇದನ್ನ ಓದಲ್ಲ. ಅದರ ಪಕ್ಕ ಅದನ್ನೇ ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೆಂದು ತೋರಿಸಿದ್ದಳು. ಮೇಷ್ಟ್ರು ಹೇಳಿಕೊಟ್ಟದ್ದನ್ನೆಲ್ಲ, ಪಾಠ ಬಿಟ್ಟವಳಿಗೆಂದು, ನಮ್ಮ ಮನೆಯ ಮಾತಿನಲ್ಲಿ ಬರೆದಿಟ್ಟಿದ್ದಳು. ಕೊನೆಯ ಪುಟದ ಅಡಿಯಲ್ಲಿ ಹೀಗಿತ್ತು: ಹಳ್ಳದಾಚೆ ಹಟ್ಟಿಗೂ ಒಂದು ಅಂಗನವಾಡಿ ಬರ್ತೈತೆ ಅಂತ ಮೇಷ್ಟ್ರು ಹೇಳಿದ್ರು. ನಿಂಗೊಂದು ನಂಗೊಂದು. ಇಬ್ರೂ ಪಾಸಾಗಾಣ ಅಕ್ಕ.

ನಾನು ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅಳುತ್ತಲೂ ನನ್ನ ಮನಸ್ಸಿಗೆ ಬಂದದ್ದು, ನೋಡು, ಇವಳ ಅಕ್ಷರ ಕೂಡ ನನ್ನದಕ್ಕಿಂತ ಚೆಂದ ಎಂದು. ನನ್ನ ಹೊಟ್ಟೆಕಿಚ್ಚಿಗೆ ಹೊತ್ತುಗೊತ್ತು ಇಲ್ಲ.

ಮರುದಿನ ಮಧ್ಯಾಹ್ನ ಅಂಗಳದಲ್ಲಿ ಕಂಬಳಿ ಹಾಸಿ, ನಾನು ಮೂಡಣ ತುದಿಗೆ ಅವಳು ಪಡುವಣ ತುದಿಗೆ ಕೂತೆವು. ನಾನು ಹಾಳೆಗಳನ್ನು ಅವಳ ಮುಂದಿಟ್ಟು ಬಂದಿದ್ದೆ. ಅವಳು ನೋಡಿದಳು, ಮುಟ್ಟಲಿಲ್ಲ. ಇಬ್ಬರೂ ಸ್ವಲ್ಪ ದೂರ ಹೊಲಿದೆವು. ಕೊನೆಗೆ ನಾನೇ, ಬಾಯಿಬಿಟ್ಟು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಅತ್ತೆ ಕೈಲಿ ಹೇಳಿ ಕಳಿಸಿದ್ನಲ್ಲಕ್ಕ. ಮರುದಿನ ನೋಡಿದ್ರೆ ಮೂಲೆಗೆ ಹೊಸ ಹೊಲಿಗೆ ಬಿದ್ದಿತ್ತು. ಬಾಯಲ್ಲಿ ಬಿಚ್ಚಲ್ಲ ಅಂತ ಕೂಗಿದ್ರೂ ನೀನು ಬಿಚ್ಚಿ ಓದಿದಿ ಅಂತಲೇ ತಿಳ್ಕಂಡಿದ್ದೆ."

ಆಮೇಲೆ ನಿಧಾನವಾಗಿ ಉಳಿದದ್ದನ್ನೂ ಹೇಳಿದಳು. ನಾನು ಎಲ್ಲವನ್ನೂ ಓದಿಕೊಂಡು, ಉತ್ತರ ಗೊತ್ತಿದ್ದೂ, ಅವಳು ಹೇಳಿಕೊಟ್ಟದ್ದು ಬೇಡವೆಂದು ಆ ಪ್ರಶ್ನೆಯನ್ನು ಖಾಲಿ ಬಿಟ್ಟು ಬಂದೆ ಎಂದುಕೊಂಡಿದ್ದಳಂತೆ. ಬೇಕೆಂದೇ ಮುಟ್ಟಲಿಲ್ಲ ಎಂದು ನಾನೇ ಹೇಳಿದ್ದೆನಲ್ಲ. ಹಟ್ಟಿಯ ಕೆಲಸವನ್ನೂ ಹಾಗೆಯೇ ಒದ್ದುಬಿಟ್ಟೆ ಎಂದು ನಂಬಿದ್ದಳಂತೆ. ಮತ್ತೆ ಆ ಮಾತು ಎತ್ತಿದರೆ ನನಗೆ ಅವಮಾನವಾಗುತ್ತದೆಂದು ಇಷ್ಟು ವರ್ಷ ಸುಮ್ಮನಿದ್ದಳಂತೆ.

ಅವಳು ಹೇಳುತ್ತಿದ್ದ ಚಂದ್ರಕ್ಕ ನನಗಿಂತ ಎಷ್ಟೋ ಎತ್ತರದವಳು. ಸೋಲನ್ನು ಆರಿಸಿಕೊಂಡವಳು, ಯಾರ ಹಂಗಿಗೂ ಬೀಳದವಳು. ಒಂದು ಗಳಿಗೆ, ಹೌದು ಎಂದುಬಿಡೋಣ ಎನ್ನಿಸಿತು. ನಾಳೆ ಅವಳು ಹಿರಿಯೂರಿಗೆ ಹೋಗುತ್ತಾಳೆ, ಆ ಚಂದ್ರಕ್ಕ ಅವಳ ಜೊತೆಗೇ ಹೋಗಿ ಬಾಳಲಿ. ಯಾರಿಗೂ ನಷ್ಟವಿಲ್ಲ. ಕೈ ಮಾತ್ರ ಮುಂದಕ್ಕೆ ಹೋಗಲೊಲ್ಲದು. ಅವಳು ಆಗಲೇ ನಡುವಿಗೆ ಬಂದು ಕಾಯುತ್ತಿದ್ದಳು. ಹದಿನೈದು ವರ್ಷದಲ್ಲಿ ಮೊದಲ ಸಲ ನಾನು ಹಿಂದೆ ಬಿದ್ದಿದ್ದೆ. ಕಡೆಗೂ ಹೊಲಿಯುತ್ತ ಅವಳ ಮೊಣಕಾಲ ಹತ್ತಿರ ಬಂದೆ.

"ನಾನು ಬಿಚ್ಚೇ ಇರ್ಲಿಲ್ಲ ಕಣೆ. ಸಿಕ್ಕಿಬೀಳ್ತೀನಿ ಅಂತ ಹೆದರ್ಕಂಡಿದ್ದೆ. ಪ್ರಶ್ನೆ ಬಿಟ್ಟಿದ್ದು ಬರದೇ ಇದ್ದಿದ್ದಕ್ಕೆ."

ಅವಳು ಅಳುತ್ತಾಳೆ ಎಂದುಕೊಂಡೆ. ನಕ್ಕುಬಿಟ್ಟಳು, ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತ.

"ಹನ್ನೊಂದು ವರ್ಷ ನಿನ್ನ ನೋಡಿ ಹೊಟ್ಟೆ ಉರ್ಕಂಡೆನಲ್ಲಕ್ಕ. ನನಗೆ ಬರೀ ಓದು ಬಂತು, ಅಕ್ಕನಂಗೆ ಛಲ ಬರ್ಲಿಲ್ಲಲ್ಲ ಅಂತ."

ತಡವಾಗಿ ಬಂದವಳು ನಾನು, ಆದ್ದರಿಂದ ಎರಡೂ ದಾರ ಸೇರಿಸಿ ಗಂಟು ಹಾಕಿದೆ. ನನ್ನನ್ನು ನೋಡಿಯೂ ಒಬ್ಬಳು ಹೊಟ್ಟೆ ಉರಿದುಕೊಂಡಿದ್ದಳು, ಒಂದು ದಿನವಲ್ಲ, ಹನ್ನೊಂದು ವರ್ಷ. ಅದೂ ಏಕನಾಥಮ್ಮ. ಅಷ್ಟು ವರ್ಷ ನನಗೆ ಅದು ಗೊತ್ತೇ ಇರಲಿಲ್ಲ. ಗೊತ್ತಾಗುವಷ್ಟರಲ್ಲಿ ನನ್ನ ಬಾಯಿಂದ ನಾನೇ ಅದನ್ನು ಮುಗಿಸಿಬಿಟ್ಟಿದ್ದೆ.